ಅಂಚಿನ ಅರಿಶಿನ

ಆ ಶನಿವಾರ ಬೆಳಗ್ಗೆ ಸ್ಯಾನ್ ಡಿಯಾಗೋದ ಮಗಳ ಮನೆಯಲ್ಲಿ ಕಾಫಿ ಲೋಟ ಹಿಡಿದು ಬಾಲ್ಕನಿಗೆ ಬಂದರೆ ಆಕಾಶವೇ ಇರಲಿಲ್ಲ. ಜೂನ್ ತಿಂಗಳಲ್ಲಿ ಅಲ್ಲಿ ಸಮುದ್ರದ ಕಡೆಯಿಂದ ಮಂಜು ಬಂದು ಮನೆಗಳ ಮೇಲೆ ಕೂತುಬಿಟ್ಟರೆ ಮಧ್ಯಾಹ್ನದವರೆಗೂ ಏಳುವುದಿಲ್ಲ. ಎದುರು ಮನೆಯ ಕಾರು ಕೂಡ ಕಾಣದ ಹಾಗೆ ಮುಸುಕು. ಒಳಗಿಂದ ಮಗಳ ದನಿ ಕೇಳಿಸಿತು. ಕೂಗಲಿಲ್ಲ, ಬಯ್ಯಲಿಲ್ಲ. "ಅಮ್ಮ, ಏನಿದು?" ಅಂತ ನನ್ನ ಹೆಂಡತಿಯನ್ನು ಕೇಳಿದಳು ಅಷ್ಟೆ. ಆ ದನಿಗೇ ನಾನು ಲೋಟ ಕೆಳಗಿಟ್ಟೆ.

ಹೋಗಿ ನೋಡಿದೆ. ಇಸ್ತ್ರಿ ಮಾಡುವ ಹಲಗೆಯ ಮೇಲೆ ಮೊಮ್ಮಗಳ ಬಿಳಿ ಫ್ರಾಕು ಬಿಚ್ಚಿ ಹರಡಿತ್ತು. ಅದರ ಹೊಟ್ಟೆಯ ಮೇಲೆ, ಸರಿಯಾಗಿ ನಡುವೆ, ಹಳದಿ ಕಲೆ. ಒಂದಲ್ಲ, ಎರಡು, ಚಿಟ್ಟೆಯ ರೆಕ್ಕೆಗಳ ಹಾಗೆ ಆ ಕಡೆ ಈ ಕಡೆ. ಅವತ್ತು ಮಧ್ಯಾಹ್ನ ಅದೇ ಫ್ರಾಕು ತೊಟ್ಟು ನನ್ನ ಮೊಮ್ಮಗಳು ಲಾಸ್ ಏಂಜಲಿಸ್‌ನಲ್ಲಿ ನೂರಾರು ಜನರ ಮುಂದೆ ನಿಲ್ಲಬೇಕಿತ್ತು.

ಆ ಫ್ರಾಕು ಯಾಕೆ ಬಂತು ಅಂತ ಮೊದಲು ಹೇಳಿಬಿಡುತ್ತೇನೆ. ಅದು ಎರಡು ಸಾವಿರದ ಐದನೇ ಇಸವಿ. ಮಗಳು ಅಳಿಯ ಮೊದಲು ಲಾಸ್ ಏಂಜಲಿಸ್‌ನ ಕಲ್ವರ್ ಸಿಟಿಯಲ್ಲಿದ್ದರು. ಮಗಳಿಗೆ ಟೊರ್ರಿ ಪೈನ್ಸ್‌ನ ಒಂದು ಔಷಧಿ ಲ್ಯಾಬಿನಲ್ಲಿ ಕೆಲಸ ಸಿಕ್ಕಿದ್ದರಿಂದ ಆ ವರ್ಷ ಯುಗಾದಿ ಕಳೆದ ಮೇಲೆ ಸ್ಯಾನ್ ಡಿಯಾಗೋಗೆ ಮನೆ ಬದಲಾಯಿಸಿದರು. ದೊಡ್ಡವರಿಗೆ ಅದು ಬರೀ ಎರಡು ಮೂರು ಗಂಟೆಯ ದಾರಿ. ಆರು ವರ್ಷದ ಮಗುವಿಗೆ ಬೇರೆ ದೇಶವೇ ಸರಿ. ಹಳೇ ಸ್ಕೂಲಿನಲ್ಲಿ ಅವಳಿಗೊಬ್ಬಳು ಗೆಳತಿಯಿದ್ದಳು, ಊಟದ ಡಬ್ಬಿಯಿಂದ ಹಿಡಿದು ಹಲ್ಲು ಬಿದ್ದ ಕಥೆಯವರೆಗೆ ಎಲ್ಲ ಹಂಚಿಕೊಳ್ಳುವಂಥವಳು. ಹೊಸ ಸ್ಕೂಲಿನಲ್ಲಿ ಯಾರೂ ಇಲ್ಲ. ನಾನೂ ನನ್ನ ಹೆಂಡತಿಯೂ ಮೈಸೂರಿನಿಂದ ಬಂದಿಳಿದಾಗ ಮೊಮ್ಮಗಳು ಸ್ಕೂಲಿನಿಂದ ಬಂದವಳೇ ಬೂಟು ಬಿಚ್ಚಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ಚಕ್ಕುಲಿ ಕೊಟ್ಟರೂ ತಿರುಗುತ್ತಿರಲಿಲ್ಲ.

ಅವಳ ಜೀವವೆಲ್ಲ ಹಳೇ ಊರಿನ ಒಂದು ಆಟದ ಮೇಲಿತ್ತು. ಕಲ್ವರ್ ಸಿಟಿಯಲ್ಲಿ ಒಬ್ಬ ಟೀಚರಮ್ಮ ಮಕ್ಕಳಿಂದ ಚಿತ್ರದ ಆಟ ಆಡಿಸುತ್ತಿದ್ದರು. ಸ್ಟೇಜಿನ ಮೇಲೆ ದೊಡ್ಡ ಚೌಕಟ್ಟು. ಅದರ ಹಿಂದೆ ಮಕ್ಕಳು ಯಾವುದೋ ಹಳೇ ಚಿತ್ರದಲ್ಲಿರುವವರ ಹಾಗೇ ಬಟ್ಟೆ ತೊಟ್ಟು, ಅದೇ ಭಂಗಿಯಲ್ಲಿ, ಕಣ್ಣು ಕೂಡ ಮಿಟುಕಿಸದೆ ನಿಲ್ಲಬೇಕು. ಪರದೆ ಸರಿದಾಗ ನೋಡುವವರಿಗೆ ಇದು ಚಿತ್ರವೋ ಜನವೋ ಅಂತ ಗೊತ್ತಾಗಬಾರದು. ಮನೆ ಬದಲಾಯಿಸುವ ಮುಂಚೆಯೇ ನನ್ನ ಮೊಮ್ಮಗಳನ್ನೂ ಅವಳ ಗೆಳತಿಯನ್ನೂ ಒಂದೇ ಚಿತ್ರಕ್ಕೆ ಆರಿಸಿದ್ದರು, ಕೈ ಕೈ ಹಿಡಿದು ನಿಂತ ಅಕ್ಕ ಮತ್ತು ಪುಟ್ಟ ಮಗು. ಊರು ಬಿಟ್ಟರೂ ಅವಳ ಜಾಗ ಇಟ್ಟಿರುತ್ತೇನೆ ಅಂತ ಟೀಚರಮ್ಮ ಒಪ್ಪಿದ್ದರು. ಆದರೆ ಬಟ್ಟೆ ಚಿತ್ರದಲ್ಲಿರುವ ಹಾಗೇ ಇರಬೇಕು, ಆಟದ ದಿನ ಮಧ್ಯಾಹ್ನ ಒಂದಕ್ಕೆ ಅಲ್ಲಿರಬೇಕು. ಇಲ್ಲದಿದ್ದರೆ ಅದೇ ಬೀದಿಯ ಇನ್ನೊಂದು ಮಗು ತಯಾರಾಗಿದೆ ಅಂದಿದ್ದರು.

ಇದನ್ನು ಮೊಮ್ಮಗಳು ನನಗೆ ತಾನೇ ಹೇಳಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಇಂಗ್ಲಿಷು. ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟು ಆಮೇಲೆ ಲಾರಿ ಓಡಿಸಿಕೊಂಡು ಬದುಕಿದವನು, ಮಗಳೇ ತಿರುಗಿಸಿ ಹೇಳಬೇಕಾಯಿತು: "ನಾನು ಹೋಗ್ಲಿಲ್ಲ ಅಂದ್ರೆ ನನ್ ಫ್ರೆಂಡ್ ಕೈನ ಬೇರೆಯವ್ಳು ಹಿಡ್ಕೋತಾಳೆ ಅಂತಿದಾಳೆ, ಅಪ್ಪ."

ಟೀಚರಮ್ಮ ಕಳಿಸಿದ್ದ ಚಿತ್ರವನ್ನು ಮಗಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಯಾರೋ ದೊಡ್ಡವರ ಮನೆ ಮಕ್ಕಳನ್ನು ತೋಟದಲ್ಲಿ ನಿಲ್ಲಿಸಿ ಬರೆದದ್ದಂತೆ. ಅಕ್ಕನಿಗೆ ತೆಳು ಫ್ರಾಕು, ಅದರ ಕೆಳಗೆ ಕಣಕಾಲಿನವರೆಗೆ ಇಣುಕುವ ಲೇಸಿನ ಇಜಾರ. ಪುಟ್ಟ ಮಗುವಿಗೆ ಬಿಳಿ ಫ್ರಾಕು, ಗಿಡ್ಡ ಬುಗ್ಗೆ ತೋಳು, ಸೊಂಟ ಕಂಕುಳ ಹತ್ತಿರಕ್ಕೇ ಏರಿ ಕೂತು ಅಲ್ಲಿ ನೀಲಿ ರಿಬ್ಬನ್ನು. ಕೆಳಗೆ ಅಂಚಿನಲ್ಲಿ ಸಾಲಾಗಿ ಅಡ್ಡ ಮಡಿಕೆ, ಮಗು ಬೆಳೆದ ಹಾಗೆ ಬಿಚ್ಚಿ ಉದ್ದ ಮಾಡಲಿಕ್ಕೆ. ಕೊರಳಿಗೆ ಹವಳದ ಸರ. ಅದನ್ನು ನೋಡಿ ನನ್ನ ಹೆಂಡತಿಗೆ ಬಹಳ ಖುಷಿಯಾಯಿತು. ಇವರೂ ಮಕ್ಕಳಿಗೆ ದೃಷ್ಟಿ ತಾಗದಿರಲಿ ಅಂತ ಹವಳ ಹಾಕುತ್ತಿದ್ದರು ನೋಡಿ ಅಂದಳು.

ಅವಳು ಮೈಸೂರಿನಿಂದ ಜಡೆಗೆ ಹಾಕುವ ಕುಚ್ಚು ಬೇರೆ ತಂದಿದ್ದಳು. ಬಂದು ನೋಡಿದರೆ ಚಿತ್ರದ ಮಗುವಿಗೆ ಕೂದಲು ಕಿವಿಯವರೆಗೆ ಕತ್ತರಿಸಿದೆ. ಅದಕ್ಕೆಂದೇ ಮಗಳು ಮೊಮ್ಮಗಳ ಕೂದಲನ್ನೂ ಕತ್ತರಿಸಿಬಿಟ್ಟಿದ್ದಳು. ಹೆಣ್ಣು ಮಗುವಿಗೆ ಹೀಗೆ ಮಾಡುತ್ತಾರೇನೇ ಅಂತ ಇವಳು ಗೊಣಗಿದಾಗ ಮಗಳು ನಕ್ಕು, ಅದು ಹೆಣ್ಣಲ್ಲಮ್ಮ, ಗಂಡು ಅಂದಳು. ಆ ಕಾಲದಲ್ಲಿ ಅಲ್ಲಿ ನಾಲ್ಕೈದು ವರ್ಷದ ತನಕ ಗಂಡು ಮಕ್ಕಳಿಗೂ ಫ್ರಾಕೇ ಅಂತೆ. ಆಮೇಲೆ ಒಂದು ದಿನ ಅದನ್ನು ಬಿಡಿಸಿ, ಮೇಲಂಗಿಗೇ ಗುಂಡಿ ಹಾಕಿ ಸೇರಿಸಿದ ಪ್ಯಾಂಟು ತೊಡಿಸುತ್ತಿದ್ದರಂತೆ. ನನ್ನ ಹೆಂಡತಿ ಚಿತ್ರದ ಹತ್ತಿರ ಹೋಗಿ ಮಗುವಿನ ಮುಖವನ್ನೇ ನೋಡಿದಳು. ನಮ್ಮಲ್ಲೂ ಮುಡಿ ಕೊಡುವ ಮುಂಚೆ ಗಂಡು ಮಗುವಿಗೆ ಲಂಗ ಉಡಿಸಿ, ಮೊಗ್ಗಿನ ಜಡೆ ಹಾಕಿ ಫೋಟೊ ತೆಗೆಸುವುದಿಲ್ಲವೇ. ನಮ್ಮ ಮಗನಿಗೆ ತೆಗೆಸಿದ್ದೆವು, ಅವನು ದೊಡ್ಡವನಾದ ಮೇಲೆ ಅದನ್ನು ಬಚ್ಚಿಟ್ಟುಬಿಟ್ಟ. "ಹಾಗಾದ್ರೆ ಇದು ನಮ್ಮ ಕಡೆ ಮಗೂನೇ ಬಿಡು" ಅಂದಳು ಇವಳು. ಅವತ್ತಿನಿಂದ ಆ ಚಿತ್ರದ ಮೇಲೆ ಅವಳಿಗೆ ಮಮತೆ ಬಂದುಬಿಟ್ಟಿತು.

ಬಟ್ಟೆ ಅಂಗಡಿಯಿಂದ ತಂದದ್ದು ರಟ್ಟಿನ ಹಾಗೆ ನಿಂತುಕೊಳ್ಳುತ್ತಿತ್ತು. ಚಿತ್ರದಲ್ಲಿ ಮಗುವಿನ ಮೊಣಕಾಲು ಬಟ್ಟೆಯೊಳಗಿಂದ ಕಂಡೂ ಕಾಣದ ಹಾಗಿತ್ತು. ಆ ಕಾಲದಲ್ಲಿ ಅಂಥ ಮಲ್ ಬಟ್ಟೆ ನಿಮ್ಮ ಇಂಡಿಯಾದಿಂದಲೇ ಬರುತ್ತಿತ್ತು ಅಂತ ಟೀಚರಮ್ಮ ಫೋನಿನಲ್ಲಿ ಹೇಳಿದರಂತೆ. ಮಗಳು ಅದನ್ನು ಹೇಳುತ್ತಿದ್ದಾಗ ಅಮ್ಮ ಮಗಳು ಇಬ್ಬರ ಕಣ್ಣೂ ನನ್ನ ಸೊಂಟದ ಮೇಲೆ ಬಂದು ನಿಂತವು. ನಾನು ಉಟ್ಟಿದ್ದು ಒಗೆದು ಒಗೆದು ಬೆಣ್ಣೆಯಂತಾಗಿದ್ದ ಮಲ್ ಪಂಚೆ. ಏನೂ ಕೇಳದೆ ರೂಮಿಗೆ ಹೋಗಿ ಲುಂಗಿ ಸುತ್ತಿಕೊಂಡು ಬಂದು ಪಂಚೆ ಕೊಟ್ಟುಬಿಟ್ಟೆ.

ಮಿಷನ್ ಇರಲಿಲ್ಲ, ಇವಳು ಕೈಯಲ್ಲೇ ಹೊಲಿದಳು. ಕತ್ತಿಗೊಂದು ಲಾಡಿ, ಸೊಂಟಕ್ಕೊಂದು ಲಾಡಿ. ಎಳೆದು ಕಟ್ಟಿದರೆ ತಾನಾಗಿ ನೆರಿಗೆ ಬೀಳುತ್ತಿತ್ತು. ಮೊಮ್ಮಗಳು ಅಜ್ಜಿಯ ಪಕ್ಕ ಕೂತು ದಾರ ಪೋಣಿಸಿಕೊಡುತ್ತಿದ್ದಳು. ಗೋಡೆ ಕಡೆ ತಿರುಗಿ ಮಲಗುವುದು ನಿಂತಿತು. ನಾನು ಎದುರು ಕೂತು ಇಬ್ಬರನ್ನೂ ನೋಡುತ್ತಿದ್ದೆ. ನನ್ನ ಜನ್ಮದಲ್ಲಿ ಕಾಣದ ಸಂತೋಷ ಅದು, ಈಗ ಬರೆಯುವಾಗಲೂ ಎದೆ ತುಂಬಿ ಬರುತ್ತದೆ.

ಶುಕ್ರವಾರ ಸಾಯಂಕಾಲ ಫ್ರಾಕು ಮುಗಿಯಿತು. ನೀರು ಚಿಮುಕಿಸಿ ಇಸ್ತ್ರಿ ಮಾಡಿದ್ದಾಯಿತು. ಇನ್ನು ಮಡಿಸಿಡಬೇಕು ಅನ್ನುವಾಗ ಇವಳು ಅಡಿಗೆಮನೆಗೆ ಹೋಗಿ, ಅರಿಶಿನವನ್ನು ನೀರಲ್ಲಿ ಕಲಸಿಕೊಂಡು ಬಂದು, ಫ್ರಾಕಿನ ಅಂಚಿನ ಒಳಮೂಲೆಗೆ ಬೆರಳಿನಿಂದ ಹಚ್ಚಿದಳು. ಹೊಸ ಬಟ್ಟೆಗೆ ಅರಿಶಿನ ಮುಟ್ಟಿಸದೆ ನಮ್ಮ ಮನೆಯಲ್ಲಿ ಯಾರೂ ಮೈಮೇಲೆ ಹಾಕಿದ್ದಿಲ್ಲ. ಕೈ ತಾನಾಗಿ ಮಾಡುವ ಕೆಲಸ ಅದು, ಯೋಚನೆಯಿಂದ ಮಾಡಿದ್ದಲ್ಲ. ನಾನೂ ಪಕ್ಕದಲ್ಲೇ ಇದ್ದೆ, ಸರಿಯಾಗೇ ಇದೆ ಅಂದುಕೊಂಡೆ. ಆದರೆ ರೇಷ್ಮೆ ಸೀರೆಯಲ್ಲವಲ್ಲ ಅದು, ಮಲ್ ಬಟ್ಟೆ. ಅದರಲ್ಲೂ ಇಸ್ತ್ರಿಯ ನೀರು ಇನ್ನೂ ಆರಿರಲಿಲ್ಲ. ಹಸಿ ಅರಿಶಿನದ ಮೂಲೆ ಹೊಟ್ಟೆಯ ಮೇಲೆ ಬರುವ ಹಾಗೆ ಮಡಿಸಿಟ್ಟಳು. ಬೆಳಗಾಗುವ ಹೊತ್ತಿಗೆ ಪದರದಿಂದ ಪದರಕ್ಕೆ ಇಳಿದು ಚಿಟ್ಟೆ ಕೂತಿತ್ತು.

"ಅರಿಶಿನ ಹಚ್ಚಿದ್ಯಾ ಇದಕ್ಕೆ?" ಮಗಳು ಕೇಳಿದಳು.

"ಹೊಸ ಬಟ್ಟೆ ಕಣೇ. ಹಚ್ದೆ ಮಗೂಗೆ ಹಾಕ್ಲಾ?"

"ಹೊಸ ಬಟ್ಟೆ ಎಲ್ಲಮ್ಮ, ಅಪ್ಪನ ಹಳೇ ಪಂಚೆ ಅದು."

"ಪಂಚೆ ಹಳೇದು. ಅಂಗಿ ಹೊಸದು."

ಬೇರೆ ದಿನವಾಗಿದ್ದರೆ ನಗುತ್ತಿದ್ದೆವು. ಮಗಳು ಆಗಲೇ ಫ್ರಾಕನ್ನು ಸಿಂಕಿಗೆ ಒಯ್ದು ಸೋಪಿನ ಪುಡಿ ಹಾಕಿ ಉಜ್ಜಿದಳು. ಉಜ್ಜಿದ್ದೇ ತಡ, ಹಳದಿ ಕೆಂಪಾಯಿತು. ರಕ್ತದ ಹಾಗೆ ಕೆಂಪು. ಮಗಳ ಕೈ ನಿಂತುಹೋಯಿತು. ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುವುದನ್ನು ಮೂವರೂ ಹುಟ್ಟಿದಾಗಿನಿಂದ ನೋಡಿದವರೇ. ಸೋಪೂ ಅದೇ ಕೆಲಸ ಮಾಡುತ್ತದೆ ಅಂತ ಆ ಗಾಬರಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಮೊಮ್ಮಗಳು ನಿಂತಿದ್ದಾಳೆ, ಕೊರಳಲ್ಲಿ ಅಜ್ಜಿಯ ಹವಳದ ಸರ ಆಗಲೇ ಹಾಕಿಕೊಂಡು. ಕೆಂಪು ಕಲೆ ನೋಡಿದಳು. ಅಳಲಿಲ್ಲ. ಸರವನ್ನು ತಲೆಯಿಂದ ತೆಗೆದು ಮೇಜಿನ ಮೇಲಿಟ್ಟು ರೂಮಿಗೆ ಹೋದಳು. ಇಣುಕಿದರೆ ಮತ್ತೆ ಗೋಡೆ ಕಡೆ ಮುಖ.

ಅತ್ತಿದ್ದರೆ ಎಷ್ಟೋ ವಾಸಿಯಾಗಿತ್ತು.

ಮಗಳು ಸಿಂಕಿನ ಅಂಚು ಹಿಡಿದು ಒಂದು ಕ್ಷಣ ಕಣ್ಣು ಮುಚ್ಚಿದಳು. ಆಮೇಲೆ ಲ್ಯಾಬಿನ ಬುದ್ಧಿ ಬಂತೋ ಏನೋ, ಫ್ರಿಜ್ಜಿನಿಂದ ನಿಂಬೆಹಣ್ಣು ತೆಗೆದು ಹಿಂಡಿದಳು. ನೋಡುತ್ತಿದ್ದ ಹಾಗೇ ಕೆಂಪು ಹೋಗಿ ಮತ್ತೆ ಹಳದಿ ಬಂತು. "ಇಷ್ಟೇ ಅಮ್ಮ. ಇದಕ್ಕಿಂತ ಮುಂದೆ ನಂಗೊತ್ತಿಲ್ಲ" ಅಂದಳು. ಮುಂದಿನದು ನನ್ನ ಹೆಂಡತಿಗೆ ಗೊತ್ತಿತ್ತು. ಅರಿಶಿನದ ಕಲೆ ಸೋಪಿಗೆ ಹೋಗುವುದಿಲ್ಲ, ಬಿಸಿಲಿಗೆ ಹೋಗುತ್ತದೆ. ಮೈಸೂರಿನಲ್ಲಾದರೆ ತಾರಸಿ ಮೇಲೆ ಒದ್ದೆ ಬಟ್ಟೆ ಹರಡಿ, ಒಂದು ಹೊತ್ತು ಬಿಟ್ಟು ತಂದರೆ ಮುಗಿಯಿತು. ಮೂವರೂ ಕಿಟಕಿಯ ಕಡೆ ನೋಡಿದೆವು. ಹೊರಗೆ ಹತ್ತಿಯಂಥ ಬಿಳುಪು, ಬಿಸಿಲಿನ ಸುಳಿವಿಲ್ಲ.

ಅಳಿಯ ಆಫೀಸಿನ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದರು. ಕಾರು ಓಡಿಸುವವಳು ಮಗಳೊಬ್ಬಳೇ. ಲಾಸ್ ಏಂಜಲಿಸ್‌ಗೆ ಹೋಗಲು ಸಮುದ್ರದ ಪಕ್ಕದ ಹೆದ್ದಾರಿ ಹತ್ತಿರ. ಆದರೆ ಆ ದಾರಿಯುದ್ದಕ್ಕೂ ಇದೇ ಮಂಜು. ಒಳನಾಡಿನ ಬೆಟ್ಟಗಳ ಕಡೆಯಿಂದ ಇನ್ನೊಂದು ಹೆದ್ದಾರಿಯಿದೆ, ಅಲ್ಲಿ ಬೆಳಗ್ಗೆಯೇ ಕೆಂಡದಂಥ ಬಿಸಿಲು. ಆದರೆ ಸುತ್ತು ದಾರಿ, ನಡುವೆ ಎಲ್ಲಿ ಗಾಡಿಗಳು ಕಟ್ಟಿಕೊಂಡು ನಿಲ್ಲುತ್ತವೋ ಹೇಳಲಾಗದು. ಹತ್ತಿರದ ದಾರಿ ಹಿಡಿದರೆ ಹೊತ್ತಿಗೆ ಸರಿಯಾಗಿ ಹಳದಿ ಫ್ರಾಕು. ಬಿಸಿಲಿನ ದಾರಿ ಹಿಡಿದರೆ ಬಿಳಿ ಫ್ರಾಕು, ಆದರೆ ಹೊತ್ತು ಮೀರಬಹುದು. ಮಗಳು ನನ್ನ ಮುಖ ನೋಡಿದಳು. "ನೀವೇನಂತೀರಪ್ಪ?"

"ಬಿಸಿಲ ಕಡೆ ನಡಿ" ಅಂದೆ.

ಮೊಮ್ಮಗಳನ್ನು ಎಬ್ಬಿಸಿ ಅಜ್ಜಿ ಹವಳದ ಸರವನ್ನು ಮತ್ತೆ ಅವಳ ಕೊರಳಿಗೆ ಹಾಕಿದಳು, ಹೊರಟೆವು. ನಾನು ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಟವೆಲ್, ಅದರ ಮೇಲೆ ಒದ್ದೆ ಫ್ರಾಕು. ಹಿಂದೆ ಅಜ್ಜಿ ಮೊಮ್ಮಗಳು. ಬೆಟ್ಟದ ಏರು ಹತ್ತುತ್ತಿದ್ದ ಹಾಗೆ ಮಂಜು ತೆಳ್ಳಗಾಯಿತು. ಎಸ್ಕಾಂಡಿಡೊ ಅನ್ನುವ ಊರಿನ ಹತ್ತಿರ ಒಂದು ತಿರುವು ದಾಟಿದೆವು, ಪರದೆ ಎಳೆದ ಹಾಗೆ ಬಿಸಿಲು ಬಂದು ತೊಡೆಯ ಮೇಲೆ ಬಿತ್ತು. ಕಿಟಕಿಯ ಗಾಜು ಇಳಿಸಿ, ಗಾಳಿಗೆ ಹಾರಿಹೋಗದ ಹಾಗೆ ಫ್ರಾಕಿನ ಎರಡೂ ತುದಿ ಬಿಗಿಯಾಗಿ ಹಿಡಿದು, ಕಲೆಯನ್ನು ಬಿಸಿಲಿಗೆ ಒಡ್ಡಿದೆ. ಆರುತ್ತಾ ಬಂದರೆ ಬಾಟಲಿಯಿಂದ ನೀರು ಚಿಮುಕಿಸುವುದು, ಮತ್ತೆ ಒಡ್ಡುವುದು.

ಆಗ ಹಿಂದಿನಿಂದ ನನ್ನ ಹೆಂಡತಿ ನನ್ನ ಭುಜದ ಹತ್ತಿರ ಬಗ್ಗಿ, ಮಗಳಿಗೆ ಕೇಳದ ಹಾಗೆ ಅಂದಳು. "ರೀ, ಹೊಟ್ಟೆ ಮೇಲಿಂದು ಹೋಗ್ಲಿ. ಅಂಚಿಂದು ಹೋಗ್ಬಾರ್ದು."

ಮಗಳಿಗೆ ಕೇಳಿಸಿಯೇ ಬಿಟ್ಟಿತು. "ಅಮ್ಮ, ಒಂದು ಚೂರೂ ಇರಬಾರ್ದು. ಟೀಚರ್ ನೋಡ್ತಾರೆ."

"ಒಳಗಡೆ ಇದೆ, ಯಾರಿಗೂ ಕಾಣಲ್ಲ. ಊರೋರ ಕಣ್ಣೆಲ್ಲ ಮಗು ಮೇಲೆ ಬೀಳೋ ದಿನ, ಬರೀ ಬಟ್ಟೆ ಹಾಕ್ಬೇಕಾ?"

"ಹವಳ ಹಾಕಿದೀಯಲ್ಲ, ಸಾಲ್ದಾ?"

ಮಗಳ ಬೆರಳು ಸ್ಟೀರಿಂಗಿನ ಮೇಲೆ ಬಿಳಿಚಿಕೊಂಡಿದ್ದವು. ನಾನು ಅಂಚಿನ ಆ ಮೂಲೆಯನ್ನು ಮಡಿಚಿ ಎಡಗೈ ಮುಷ್ಟಿಯೊಳಗೆ ಹಿಡಿದುಕೊಂಡೆ. ಬಿಸಿಲು ಹೊಟ್ಟೆಯ ಮೇಲೆ ಬೀಳುತ್ತಿತ್ತು, ಅಂಚು ನನ್ನ ಮುಷ್ಟಿಯ ನೆರಳಲ್ಲಿತ್ತು.

ಲಾರಿಯಲ್ಲಿ ಟೊಮೆಟೊ ಹೇರಿಕೊಂಡು ಘಾಟಿ ಇಳಿದಿದ್ದೇನೆ, ಮೊಟ್ಟೆ ಹೇರಿಕೊಂಡು ಹಳ್ಳದ ರೋಡಿನಲ್ಲಿ ಹೋಗಿದ್ದೇನೆ. ಈ ಹಗುರ ಬಟ್ಟೆಯಷ್ಟು ಭಾರದ ಸರಕನ್ನು ಎಂದೂ ಸಾಗಿಸಿರಲಿಲ್ಲ. ಕಲೆ ಕಡಿಮೆಯಾಗುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಒಂದೇ ಸಮನೆ ನೋಡುತ್ತಿದ್ದರೆ ಏನೂ ಬದಲಾದಂತೆ ಕಾಣುವುದಿಲ್ಲ. ಬೇಕೆಂದೇ ಬೆಟ್ಟ ನೋಡುವುದು, ಆಮೇಲೆ ತಟ್ಟನೆ ತಿರುಗಿ ಫ್ರಾಕು ನೋಡುವುದು. ಹಿಂದಿನ ಸೀಟಿನಿಂದ ಮೊಮ್ಮಗಳ ಸಣ್ಣ ದನಿ ಬಂತು. "ತಾತ, ಈಸ್ ಇಟ್ ಗಾನ್?" ಹೋಯಿತಾ ಅಂತ. "ಹೋಗ್ತಿದೆ ಕಂದ" ಅಂದೆ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಸುಳ್ಳೋ ನಿಜವೋ ನನಗೇ ಗೊತ್ತಿರಲಿಲ್ಲ.

ಹೆದ್ದಾರಿ ಪಶ್ಚಿಮಕ್ಕೆ ತಿರುಗುವ ಜಾಗದಲ್ಲಿ ಗಾಡಿಗಳು ನಿಂತುಬಿಟ್ಟವು. ಮುಂದೆ ಕಣ್ಣು ಹಾಯುವಷ್ಟೂ ಬರೀ ಕೆಂಪು ದೀಪ. ಎಲ್ಲೋ ಮುಂದೆ ಯಾವುದೋ ಗಾಡಿ ಕೆಟ್ಟಿತ್ತೇನೋ. ಮಗಳು ಗಡಿಯಾರ ನೋಡಿ ಟೀಚರಮ್ಮನಿಗೆ ಫೋನು ಮಾಡಿದಳು. ಮಾತು ಮುಗಿಸಿ ಫೋನು ಕೆಳಗಿಟ್ಟವಳು ಕನ್ನಡದಲ್ಲಿ, ಮಗುವಿಗೆ ಗಾಬರಿಯಾಗದ ಹಾಗೆ ಮೆಲ್ಲಗೆ, ಇನ್ನೊಂದು ಮಗುವನ್ನು ರೆಡಿ ಮಾಡಿ ಕೂರಿಸುತ್ತಾರಂತೆ ಅಂದಳು. ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತದೆ ಅನ್ನುವುದೇ ಅವಳಿಗೆ ಮರೆತಿತ್ತು. ಹಿಂದಿನಿಂದ ಬಿಕ್ಕಿದ ಸದ್ದು ಬಂತು. ಅಜ್ಜಿ ಅವಳನ್ನು ತಬ್ಬಿಕೊಂಡಳು. ನನಗೆ ಬಾಗಿಲು ತೆಗೆದು ಇಳಿದು ಮುಂದಿನ ಗಾಡಿಗಳನ್ನೆಲ್ಲ ಕೈಯಿಂದಲೇ ಪಕ್ಕಕ್ಕೆ ತಳ್ಳಬೇಕು ಅನ್ನಿಸಿತು. ಆದರೆ ನಿಂತ ಕಾರಿನ ಕಿಟಕಿಯಲ್ಲಿ ಬಿಸಿಲು ಮಾತ್ರ ಅಲುಗದೆ, ನೆಟ್ಟಗೆ, ಫ್ರಾಕಿನ ಮೇಲೇ ಸುರಿಯುತ್ತಿತ್ತು. ನಮಗೆ ಹಾಳಾಗುತ್ತಿದ್ದ ಹೊತ್ತೇ ಕಲೆಗೆ ಔಷಧಿಯಾಗುತ್ತಿತ್ತು. ಗಾಡಿಗಳು ಮತ್ತೆ ಹೊರಟಾಗ ನಾನು ಬೆಟ್ಟದಿಂದ ಕಣ್ಣು ತಿರುಗಿಸಿ ನೋಡಿದೆ. ಚಿಟ್ಟೆಯ ಒಂದು ರೆಕ್ಕೆ ಇರಲಿಲ್ಲ. ಇನ್ನೊಂದು, ಹಳೇ ಹಲ್ಲಿನ ಬಣ್ಣದಷ್ಟು.

ಕಲ್ವರ್ ಸಿಟಿಯ ಆಟದ ಹಾಲ್ ತಲುಪಿದಾಗ ಹೇಳಿದ ಹೊತ್ತು ದಾಟಿತ್ತು. ಪರದೆಯ ಹಿಂದೆ ಮಕ್ಕಳು ಸಾಲಾಗಿ ನಿಂತಿದ್ದರು. ಅಕ್ಕನ ಬಟ್ಟೆಯಲ್ಲಿ ಗೆಳತಿ, ಅವಳ ಪಕ್ಕ ಅಂಗಡಿಯ ಬಿಳಿ ಫ್ರಾಕು ತೊಟ್ಟ ಇನ್ನೊಂದು ಮಗು. ಇಬ್ಬರೂ ಕೈ ಹಿಡಿದುಕೊಂಡಿರಲಿಲ್ಲ, ಅದನ್ನು ನಾನು ನೋಡಿದೆ. ಟೀಚರಮ್ಮ ನಮ್ಮನ್ನು ನೋಡಿದರು, ಮೊಮ್ಮಗಳ ಊದಿದ ಕಣ್ಣು ನೋಡಿದರು, ಆಮೇಲೆ ನನ್ನ ಕೈಯಿಂದ ಫ್ರಾಕು ತೆಗೆದುಕೊಂಡು ದೀಪದ ಕೆಳಗೆ ಹಿಡಿದರು. ಟೀಚರಮ್ಮ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ, ಅದರೊಳಗಿಂದ ತಮ್ಮ ಕೈಯನ್ನು ನೋಡಿ, ಏನೋ ಕೇಳಿದರು. ಇದು ಎಲ್ಲಿ ಸಿಕ್ಕಿತು ಅಂತ. ಮಗಳು ನನ್ನ ಕಡೆ ಬೆರಳು ತೋರಿಸಿದಳು. ತನ್ನ ಅಪ್ಪನ ಪಂಚೆ ಅಂತ ಹೇಗೆ ಹೇಳಿದಳೋ, ಟೀಚರಮ್ಮ ನನ್ನ ಪ್ಯಾಂಟನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಆ ಇನ್ನೊಂದು ಮಗುವಿನ ಹತ್ತಿರ ಮಂಡಿಯೂರಿ ಏನೋ ಹೇಳಿದರು. ಆ ಮಗು, ಚಿನ್ನದಂಥ ಮಗು ಅದು, ತಲೆಯಾಡಿಸಿ ತನ್ನ ಅಮ್ಮನ ಹತ್ತಿರ ಓಡಿತು. ಅವಳಿಗೆ ಬೇರೆ ಚಿತ್ರದಲ್ಲಿ ನಾಯಿಮರಿ ಹಿಡಿದು ನಿಲ್ಲುವ ಕೆಲಸ ಸಿಕ್ಕಿತು, ಅದೇ ಬೇಕಿತ್ತಂತೆ.

ನಾವು ಹೋಗಿ ಕುರ್ಚಿಯಲ್ಲಿ ಕೂತೆವು. ದೀಪ ಆರಿದವು. ಒಂದೊಂದೇ ಚಿತ್ರ ಬಂದು ಹೋಯಿತು, ನನಗೆ ಯಾವುದೂ ನೆನಪಿಲ್ಲ. ಕೊನೆಗೆ ಪರದೆ ಸರಿದಾಗ ತೋಟ, ಮರ, ಮೋಡ, ಆ ಚೌಕಟ್ಟಿನ ನಡುವೆ ಇಬ್ಬರು ಮಕ್ಕಳು. ನಮ್ಮ ಫ್ರಿಜ್ಜಿನ ಬಾಗಿಲಿನ ಚಿತ್ರ ಬೆಳೆದು ಆಳೆತ್ತರವಾದ ಹಾಗಿತ್ತು. ಬಿಳಿ ಮಲ್ ಬಟ್ಟೆಯ ನೆರಿಗೆ, ನೀಲಿ ರಿಬ್ಬನ್ನು, ಹವಳ. ಮೊಣಕಾಲು ಕಂಡೂ ಕಾಣದ ಹಾಗೆ. ಕಲೆ ಹುಡುಕಿದೆ, ಸಿಗಲಿಲ್ಲ. ಕೈಯೊಳಗೆ ಕೈಯಿತ್ತು. ಮನೆಯಲ್ಲಿ ಅರೆಗಳಿಗೆ ಸುಮ್ಮನೆ ಕೂರದ ನನ್ನ ಮೊಮ್ಮಗಳು ಉಸಿರಾಡುತ್ತಿದ್ದಾಳೋ ಇಲ್ಲವೋ ಅನ್ನುವಷ್ಟು ನಿಶ್ಚಲ. ನನ್ನ ಪಕ್ಕದಲ್ಲಿ ಕೂತಿದ್ದ ದಪ್ಪ ಬಿಳೀ ದೊರೆ ಮೂಗಿನ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಗ್ಗಿದ. ಅದು ನನ್ನ ಮೊಮ್ಮಗಳು ಅಂತ ಅವನಿಗೆ ಹೇಳಲು ನನಗೆ ಭಾಷೆ ಇರಲಿಲ್ಲ, ಇದ್ದಿದ್ದರೆ ಆಟ ಕೆಡಿಸಿಬಿಡುತ್ತಿದ್ದೆ.

ಪರದೆ ಮುಚ್ಚಿತು. ಚಪ್ಪಾಳೆ ತಟ್ಟಲು ಕೈ ಎತ್ತಿದಾಗ ಗೊತ್ತಾಯಿತು, ಫ್ರಾಕು ಕೊಟ್ಟ ಮೇಲೂ ನನ್ನ ಎಡಗೈ ಮತ್ತೆ ಮುಷ್ಟಿ ಕಟ್ಟಿಕೊಂಡೇ ಇತ್ತು. ಬಿಚ್ಚಿದೆ. ಅಂಗೈ ತುಂಬ ಹಳದಿ. ನನ್ನ ಹೆಂಡತಿ ಅದನ್ನು ನೋಡಿ ಬೆಚ್ಚಿದಳು. ಇದ್ದದ್ದೆಲ್ಲ ನಿಮ್ಮ ಕೈಗೇ ಹತ್ತಿಬಿಟ್ಟಿತೇನು ಅಂದಳು. ನನಗೂ ಗೊತ್ತಿರಲಿಲ್ಲ.

ಮೊಮ್ಮಗಳು ಓಡಿ ಬಂದು ನನ್ನ ಕಾಲಿಗೆ ತೆಕ್ಕೆ ಬಿದ್ದಳು. "ತಾತ, ನಾನು ಅಲ್ಲಾಡಿದ್ನಾ?" ಕನ್ನಡದಲ್ಲಿ ಕೇಳಿದಳು, ಪೂರ್ತಿ ಕನ್ನಡದಲ್ಲಿ. ಇಲ್ಲ ಅಂತ ತಲೆಯಾಡಿಸಿ, ಹಳದಿಯಿಲ್ಲದ ಬಲಗೈಯಿಂದ ಅವಳ ತಲೆ ಸವರಿದೆ. ಅಜ್ಜಿ ಬಗ್ಗಿ, ಫ್ರಾಕು ಸರಿಮಾಡುವ ನೆಪದಲ್ಲಿ, ಅಂಚಿನ ಮೂಲೆ ಮೆಲ್ಲಗೆ ತಿರುಗಿಸಿ ನೋಡಿದಳು. ಮಗಳೂ ಬಗ್ಗಿದಳು. ಮಡಿಕೆಯ ಒಳಗೆ ಬೆರಳ ತುದಿಯಷ್ಟು ಅರಿಶಿನ ಹಾಗೇ ಇತ್ತು.

"ಇದೆ ಕಣಮ್ಮ" ಅಂದಳು ಮಗಳು. ಅಂದು ಆ ಮೂಲೆಯನ್ನು ತಾನೇ ಒಳಕ್ಕೆ ಮಡಿಸಿ, ಯಾರಿಗೂ ಕಾಣದ ಹಾಗೆ ಬೆರಳಿನಿಂದ ತೀಡಿದಳು.